ಐಬಿಎಸ್ ಹೊಟ್ಟೆಗೆ ಇಸಬ್‌ಗೋಲ್, ಗೋಧಿ ತೌಡು, ಪ್ರೋಬಯಾಟಿಕ್: ಯಾವುದು ವಾಸಿ?

ಐಬಿಎಸ್ ಎಂದರೆ ಹೊಟ್ಟೆನೋವಿನ ಜೊತೆ ಮಲಬದ್ಧತೆಯೋ ಭೇದಿಯೋ ಮರುಕಳಿಸುವ ಕರುಳಿನ ತೊಂದರೆ. ಅದಕ್ಕೆ ಈ ಮೂರನ್ನೂ ಬಳಸಿ ನೋಡಿದ ಮೇಲೆ ನಾನು ಉಳಿಸಿಕೊಂಡಿರುವುದು ಇಸಬ್‌ಗೋಲ್ ಒಂದನ್ನೇ. ನಾಲ್ಕು ದಿನ ಮಲಬದ್ಧತೆ, ಆಮೇಲೆ ಭೇದಿ ಎನ್ನುವವರಿಗೂ ಇದೇ ಸರಿ. ಇದರ ಲೋಳೆ ನೀರನ್ನು ಹಿಡಿದಿಡುತ್ತದೆ. ಹಾಗಾಗಿ ಗಟ್ಟಿ ಮಲ ಮೆದುವಾಗುತ್ತದೆ, ತೆಳ್ಳಗಿದ್ದದ್ದು ಗಟ್ಟಿಯಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಇದನ್ನು ಹೆಚ್ಚು ಹುದುಗಿಸುವುದಿಲ್ಲ, ಗ್ಯಾಸ್ ಕಡಿಮೆ.

ಕಿರಿಕಿರಿಯೆಲ್ಲ ಕುಡಿಯುವುದರಲ್ಲಿದೆ. ಲೋಟಕ್ಕೆ ಮೊದಲೇ ಇಸಬ್‌ಗೋಲ್ ಸುರಿದು ಮೇಲೆ ನೀರು ಹಾಕಿದರೆ ಒಳಗೆ ಒಣಗಿದ್ದು, ಹೊರಗೆ ಅಂಟಾದ ಗಂಟುಗಳಾಗುತ್ತವೆ. 250 ಮಿ.ಲೀ. ತಣ್ಣೀರು ತೆಗೆದುಕೊಂಡು, ಕಲಕುತ್ತಲೇ ಉದುರಿಸಿ, ತಕ್ಷಣ ಕುಡಿಯಬೇಕು. ಬಿಸಿನೀರಿನಲ್ಲಿ ಇನ್ನೂ ಬೇಗ ಗಟ್ಟಿಯಾಗುತ್ತದೆ. ನುಣ್ಣನೆ ಪುಡಿಯೂ ಹಾಗೆಯೇ, ಅದಕ್ಕೇ ಪದರು ಪದರಾಗಿರುವುದನ್ನೇ ಕೊಳ್ಳಿ. ಮೇಲೆ ಇನ್ನೊಂದು ಲೋಟ ನೀರು ಬೇಕೇ ಬೇಕು. ನೀರು ಕಡಿಮೆಯಾದರೆ ಗಂಟಲಲ್ಲೋ ಕರುಳಲ್ಲೋ ಉಬ್ಬಿ ಕಟ್ಟಿಕೊಳ್ಳಬಹುದು. ನುಂಗಲು ಕಷ್ಟವಿರುವವರು ಇದರ ತಂಟೆಗೇ ಹೋಗಬಾರದು.

ಚಮಚದ ಅಳತೆ ನೆಚ್ಚಬೇಡಿ, ತೂಗಿ. ದಿನಕ್ಕೆ 3 ಗ್ರಾಂನಿಂದ ಶುರುಮಾಡಿ, ವಾರಕ್ಕೊಮ್ಮೆ ಏರಿಸುತ್ತಾ ಎರಡು ಹೊತ್ತು ಸೇರಿ 10 ಗ್ರಾಂವರೆಗೆ ಹೋಗಬಹುದು. ಮೊದಲ ದಿನವೇ ಪೂರ್ತಿ ತೆಗೆದುಕೊಂಡರೆ ಹೊಟ್ಟೆ ಉಬ್ಬರಿಸುತ್ತದೆ. ಮಾತ್ರೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರವಿರಲಿ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುವವರು ಇದನ್ನು ಮಧ್ಯಾಹ್ನಕ್ಕೂ ಸಂಜೆಗೂ ಇಟ್ಟುಕೊಳ್ಳುವುದು ಸುಲಭ.

ಗೋಧಿ ತೌಡು ಅಗ್ಗ, ಚಪಾತಿ ಹಿಟ್ಟಿಗೂ ಬೆರೆಯುತ್ತದೆ. ಆದರೆ ಅದು ಒರಟು ನಾರು, ಜೊತೆಗೆ ಫ್ರಕ್ಟಾನ್ ಬೇರೆ, ಅಂದರೆ ಗೋಧಿ, ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ, ಗ್ಯಾಸ್ ಹುಟ್ಟಿಸುವ ಒಂದು ಬಗೆಯ ಕಾರ್ಬೋಹೈಡ್ರೇಟ್. 2009ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ 275 ಐಬಿಎಸ್ ರೋಗಿಗಳನ್ನು ಗುಂಪು ಮಾಡಿ 12 ವಾರ ದಿನಕ್ಕೆ 10 ಗ್ರಾಂ ಇಸಬ್‌ಗೋಲ್, ತೌಡು ಅಥವಾ ಬರೀ ಹೋಲಿಕೆಗೆಂದು ಅಕ್ಕಿಹಿಟ್ಟು ಕೊಟ್ಟಿದ್ದರು. ಅರ್ಧಕ್ಕೆ ಬಿಟ್ಟವರು ತೌಡಿನ ಗುಂಪಿನಲ್ಲೇ ಹೆಚ್ಚು.

ಪ್ರೋಬಯಾಟಿಕ್ ಎಂದರೆ ಕರುಳಿಗೆ ಒಳ್ಳೆಯದೆಂದು ನುಂಗುವ ಜೀವಂತ ಬ್ಯಾಕ್ಟೀರಿಯಾ, ಅದರ ಕ್ಯಾಪ್ಸೂಲ್ ದುಬಾರಿ. ಪರಿಣಾಮ ತಳಿಯಿಂದ ತಳಿಗೆ ಬೇರೆ, ನಿಲ್ಲಿಸಿದರೆ ಆ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕರುಳಿನಲ್ಲಿ ಉಳಿಯುವುದಿಲ್ಲ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘದ 2021ರ ಐಬಿಎಸ್ ಮಾರ್ಗಸೂಚಿ ಇಸಬ್‌ಗೋಲ್‌ನಂಥ ಕರಗುವ ನಾರನ್ನು ಶಿಫಾರಸು ಮಾಡಿ, ಪ್ರೋಬಯಾಟಿಕ್ ಬೇಡವೆಂದು ಸೂಚಿಸಿದೆ. ಮನೆಯ ಮೊಸರು ಊಟಕ್ಕೆ ಒಳ್ಳೆಯದು, ಔಷಧಿಯೆಂದು ಎಣಿಸಬೇಡಿ.

ಸಾಂಬಾರಿನ ಈರುಳ್ಳಿಯನ್ನು ಎತ್ತಿಟ್ಟರೂ ಪ್ರಯೋಜನವಿಲ್ಲ, ಫ್ರಕ್ಟಾನ್ ನೀರಿಗೆ ಬಿಟ್ಟಾಗಿರುತ್ತದೆ. ಎಣ್ಣೆಯಲ್ಲಿ ಅದು ಕರಗುವುದಿಲ್ಲ. ಹಾಗಾಗಿ ಬೆಳ್ಳುಳ್ಳಿಯನ್ನು ಒಗ್ಗರಣೆ ಎಣ್ಣೆಯಲ್ಲಿ ಹುರಿದು ತೆಗೆದುಬಿಟ್ಟರೆ ಘಮ ಉಳಿಯುತ್ತದೆ, ಉಬ್ಬರ ಇರುವುದಿಲ್ಲ. ಬೆಂಗಳೂರಿನಲ್ಲಿ ದಿನಾ ದರ್ಶಿನಿಯಲ್ಲೇ ತಿನ್ನುವವರು ಇಡ್ಲಿಗೆ ಸಾಂಬಾರು ಬಿಟ್ಟು, ಈರುಳ್ಳಿ ಬೆಳ್ಳುಳ್ಳಿ ಹಾಕದ ಕಾಯಿಚಟ್ನಿ ಕೇಳಿ. ನನ್ನ ಮಟ್ಟಿಗೆ ಕ್ಯಾಪ್ಸೂಲಿನ ದುಡ್ಡಿಗೆ ಎಷ್ಟೋ ತಿಂಗಳ ಇಸಬ್‌ಗೋಲ್ ಬರುತ್ತದೆ, ಬ್ಯಾಗಿನಲ್ಲಿ ಪುಟ್ಟ ಡಬ್ಬಿಯಿದ್ದರೆ ಸಾಕು. ಮಲದಲ್ಲಿ ರಕ್ತ, ತೂಕ ಇಳಿಕೆ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಮಾತ್ರ ಈ ಮೂರನ್ನೂ ಬದಿಗಿಟ್ಟು ಮೊದಲು ವೈದ್ಯರಿಗೆ ತೋರಿಸಿ.