ರಷ್ಯನ್ ಮಾತಾಡೋರಿಗೆ ಪ್ರಯಾಣದ ಇಂಗ್ಲಿಷ್ ಕಲಿಸೋ ಕಾರ್ಡ್ ಡಬ್ಬಿ: ನಮ್ಮತ್ತೆ ಜೊತೆ ಎರಡು ವರ್ಷ ಬಳಸಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ಈ ಡಬ್ಬಿ ನನಗೆ ಅಂತ ತಗೊಂಡಿದ್ದಲ್ಲ, ನಮ್ಮತ್ತೆಗೆ. ನಾನು ಹಾಸನದವಳು, ಮದುವೆಯಾಗಿ ರಷ್ಯಾದ ಕಜಾನ್‌ನಲ್ಲಿದೀನಿ. ಅತ್ತೆ ಇಲ್ಲೇ ಟ್ರಾಲಿಬಸ್ಸಲ್ಲಿ, ಅಂದ್ರೆ ತಲೆ ಮೇಲೆ ಎರಡು ಕೋಲು ಚಾಚ್ಕೊಂಡು ಕರೆಂಟ್ ತಂತಿ ಹಿಡ್ಕೊಂಡು ಓಡೋ ಬಸ್ಸಲ್ಲಿ, ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದೋರು. ಅವರನ್ನ ನಾನು ಮಾಮ ಅಂತ ಕರೀತೀನಿ, ರಷ್ಯನ್ನಲ್ಲಿ ಅಮ್ಮ ಅಂತ ಅರ್ಥ, ಆದ್ರೆ ಫೋನಲ್ಲಿ ನಮ್ಮಮ್ಮ ಅದನ್ನ ಕೇಳಿಸ್ಕೊಂಡಾಗೆಲ್ಲ ‘ಯಾವ ಮಾಮ ಬಂದವ್ರೆ ಅಲ್ಲಿಗೆ’ ಅಂತಾರೆ, ಇವತ್ತಿಗೂ.

2018ರಲ್ಲಿ ಫುಟ್ಬಾಲ್ ವರ್ಲ್ಡ್ ಕಪ್ ಮ್ಯಾಚ್‌ಗಳು ಕಜಾನ್‌ನಲ್ಲೂ ನಡೆದ್ವಲ್ಲ, ಅರ್ಜೆಂಟೀನಾನ ಫ್ರಾನ್ಸು 4-3ರಲ್ಲಿ ಸೋಲಿಸಿದ್ದು ಇಲ್ಲೇ, ಆವಾಗ ಅತ್ತೆ ಇನ್ನೂ ಡ್ಯೂಟಿಲಿದ್ರು. ಪರದೇಶದೋರು ಬಸ್ಸು ತುಂಬಾ ಹತ್ಕೊಂಡು ಸ್ಟೇಡಿಯಮ್ ಎಲ್ಲಿ ಎಲ್ಲಿ ಅಂತ ಕೇಳೋದು, ಇವ್ರು ಬೆರಳು ಎತ್ತಿ ಇನ್ನು ಮೂರು ಸ್ಟಾಪು ಅಂತ ತೋರಿಸೋದು, ಅಷ್ಟೇ. ಮುಂದಿನ ಸ್ಟಾಪು ಅಂತ ಒಂದು ಮಾತು ಹೇಳಕ್ಕೆ ಬರ್ಲಿಲ್ವಲ್ಲ ಅನ್ನೋದು ಅವರಿಗೆ ಒಳಗೇ ಕೊರೀತಿತ್ತಂತೆ. ಆಮೇಲೆ ಬೆಂಗಳೂರಿಗೆ ಬರ್ತೀನಿ, ನಿಮ್ಮಮ್ಮನ ಹತ್ರ ನಾನೇ ಮಾತಾಡ್ತೀನಿ ಅಂತ ಹಟ ಹಿಡಿದಾಗ ಹುಡುಕಾಟ ಶುರು ಆಯ್ತು. ಹೊರದೇಶದ ಆ್ಯಪ್‌ಗೆ ಚಂದಾ ಕಟ್ಟೋಣ ಅಂದ್ರೆ 2022ರ ಮಾರ್ಚ್ ಆದ್ಮೇಲೆ ಇಲ್ಲಿನ ಬ್ಯಾಂಕ್ ಕೊಟ್ಟಿರೋ ವೀಸಾ, ಮಾಸ್ಟರ್‌ಕಾರ್ಡ್ ಹೊರಗಡೆ ನಡೆಯಲ್ಲ. ಸರಿ, ಪುಸ್ತಕದಂಗಡಿಲಿ ಈ ಡಬ್ಬಿ ಸಿಕ್ತು. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಕೆಳಗೆ ಬೈಯೋದು ಸ್ವಲ್ಪ ಇದೆ.

ಡಬ್ಬಿಲಿ 500 ಕಾರ್ಡು. ಒಂದು ಕಡೆ ಇಂಗ್ಲಿಷ್ ಪದ ಮತ್ತೆ ಚಿತ್ರ, ಇನ್ನೊಂದು ಕಡೆ ರಷ್ಯನ್ ಅರ್ಥ ಮತ್ತೆ ಒಂದೊಂದು ವಾಕ್ಯ. ವಿಮಾನದ್ದು ನೀಲಿ, ರೈಲಿಂದು ಹಸಿರು, ರಸ್ತೆದು ಹಳದಿ, ಹಡಗಿಂದು ಬೂದಿ ಬಣ್ಣ. ಒಳಗೆ ಐದು ಖಾನೆ. ಸರಿ ಹೇಳಿದ್ರೆ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ರೆ ವಾಪಸ್ ಮೊದಲನೇದಕ್ಕೆ. ಮೊದಲನೇ ಖಾನೆ ದಿನಾ ನೋಡ್ಬೇಕು, ಕೊನೇದು ತಿಂಗಳಿಗೊಂದ್ಸಲ ಸಾಕು. 1970ರ ದಶಕದಲ್ಲಿ ಲೈಟ್ನರ್ ಅನ್ನೋರು ಜನಪ್ರಿಯ ಮಾಡಿದ ಹಳೇ ವಿಧಾನ ಇದು, ಕೆಲಸ ಮಾಡುತ್ತೆ, ಅನುಮಾನ ಬೇಡ. ಅತ್ತೆಗಂತೂ ಚೀಟಿ ವಿಂಗಡಿಸೋದು ಅಂದ್ರೆ ಕೈಗೆ ಬಂದ ವಿದ್ಯೆ, ಬೆಳಿಗ್ಗೆ ಚಾ ಕುಡೀತಾ ಟಿಕೆಟ್ ಎಣಿಸೋ ಹಾಗೆ ಪಟಪಟ ಅಂತ ಎಣಿಸೋರು.

ಸಾಮಾನಿನ ಹೆಸರುಗಳಲ್ಲಿ ಈ ಡಬ್ಬಿ ಗಟ್ಟಿ. ಮೊದಲ ಮೂರು ತಿಂಗಳಲ್ಲಿ ಇನ್ನೂರು ಪದ ಬಾಯಿಗೆ ಬಂತು. ಫೇರ್ ಅನ್ನೋ ಕಾರ್ಡು ಬಂದಾಗ ಚಿತ್ರ ನೋಡೋಕೆ ಮುಂಚೆನೇ ಹೇಳಿದ್ರು, ಜೀವಮಾನ ಪೂರ್ತಿ ವಸೂಲಿ ಮಾಡಿದ್ದು ಅದನ್ನೇ ತಾನೆ. ಟಿಕೆಟ್ ತಗೊಳ್ದೆ ಹೋಗೋನಿಗೆ ರಷ್ಯನ್ನಲ್ಲಿ ಜಾಯತ್ಸ್ ಅಂತಾರೆ, ಅಂದ್ರೆ ಮೊಲ. ಇಂಗ್ಲಿಷಲ್ಲಿ ಫೇರ್ ಡಾಡ್ಜರ್ ಅಂತ ಕಾರ್ಡಲ್ಲಿದೆ. ನಮ್ಮೂರಲ್ಲಿ ವಿತೌಟ್ ಅಂತೀವಿ ಅಂದೆ. ‘ವಿತೌಟ್ ಏನು? ಏನಿಲ್ದೆ?’ ಅಂತ ಕೇಳಿದ್ರು. ಏನೂ ಇಲ್ಲ ಮಾಮ, ಬರೀ ವಿತೌಟ್. ಬಹಳ ಹಿಡಿಸ್ತು ಅವರಿಗೆ. ಟ್ರಾಫಿಕ್ ಜಾಮಿಗೆ ರಷ್ಯನ್ನಲ್ಲಿ ಪ್ರೋಬ್ಕ, ಬಾಟಲಿ ಬಾಯಿಗೆ ಹಾಕೋ ಬಿರಡೆ ಅಂತ ಅರ್ಥ. ಇಂಗ್ಲಿಷ್‌ನೋರು ಬ್ರೆಡ್ಡಿಗೆ ಹಚ್ಕೊಳೋ ಜಾಮ್ ಅಂತಾರಾ ಅಂತ ನಕ್ಕಿದ್ದೇ ನಕ್ಕಿದ್ದು, ಆ ಕಾರ್ಡು ಯಾವತ್ತೂ ಮೊದಲ ಖಾನೆಗೆ ವಾಪಸ್ ಬರ್ಲಿಲ್ಲ.

ಒಂದೇ ಥರ ಕೇಳಿಸಿ ಮೋಸ ಮಾಡೋ ಪದಗಳಿಗೂ ಮೂವತ್ತು ಕಾರ್ಡಿದೆ, ಈ ಡಬ್ಬಿಲಿ ನನಗೆ ಅತೀ ಇಷ್ಟವಾಗಿದ್ದು ಅದು. ಅವ್ತಸ್ತೋಪ್ ಅಂದ್ರೆ ಬಸ್ ಸ್ಟಾಪ್ ಅಲ್ಲ, ರಸ್ತೇಲಿ ಕೈ ತೋರ್ಸಿ ಡ್ರಾಪ್ ಕೇಳ್ಕೊಂಡು ಊರೂರು ಸುತ್ತೋದು. ಮಷಿನೀಸ್ತ್ ಅಂದ್ರೆ ಲೇತ್ ಮಷಿನ್ ಮುಂದೆ ನಿಂತಿರೋನಲ್ಲ, ರೈಲು ಓಡಿಸೋನು. ದೊಡ್ಡ ರೈಲ್ವೆ ಸ್ಟೇಷನ್ನಿಗೆ ರಷ್ಯನ್ನಲ್ಲಿ ವಕ್ಜಾಲ್ ಅಂತಾರಲ್ಲ, ಅದು ಲಂಡನ್ನಿನ ವಾಕ್ಸ್‌ಹಾಲ್ ಅನ್ನೋ ಮನರಂಜನೆ ತೋಟದ ಹೆಸರಿಂದ ಬಂದಿದ್ದು ಅಂತ ಕಾರ್ಡಿನ ಮೂಲೇಲಿ ಸಣ್ಣ ಅಕ್ಷರದಲ್ಲಿ ಬರ್ದಿದಾರೆ, 1837ರಲ್ಲಿ ಓಡಿದ ರಷ್ಯಾದ ಮೊದಲ ಪ್ರಯಾಣಿಕರ ರೈಲುಮಾರ್ಗ ಆಮೇಲೆ ಪಾವ್ಲೊವ್ಸ್ಕ್‌ವರೆಗೂ ಹೋಯ್ತು, ಅಲ್ಲಿ ಸ್ಟೇಷನ್ ಜೊತೇಲೇ ಸಂಗೀತ ಕಚೇರಿ ನಡೆಸೋ ಮನರಂಜನೆ ಹಾಲ್ ಇತ್ತು, ಅದಕ್ಕೆ ಆ ಹೆಸರು. ಇಂಥದ್ದು ಇನ್ನೂ ನೂರಿದ್ರೂ ದುಡ್ಡು ಕೊಡ್ತಿದ್ದೆ.

ಆದ್ರೆ ಒಂದು ಮುಖ್ಯವಾದ್ದು ಬಿಟ್ಟಿದಾರೆ. ತ್ರಾನ್ಸ್‌ಫೆರ್. ರಷ್ಯನ್ನೋರಿಗೆ ಅದು ಏರ್‌ಪೋರ್ಟಿಂದ ಹೋಟೆಲಿಗೆ ಕರ್ಕೊಂಡು ಹೋಗೋ ಗಾಡಿ. ಬೆಂಗಳೂರಿಗೆ ಬರೋ ದಾರೀಲಿ ವಿಮಾನ ಬದಲಾಯಿಸ್ಬೇಕಿತ್ತು, ಬಾಣ ಹಾಕಿ ಟ್ರಾನ್ಸ್‌ಫರ್ ಅಂತ ದೊಡ್ಡದಾಗಿ ಬರ್ದಿತ್ತು, ಅತ್ತೆ ಆ ಕಡೆ ಹೋಗಕ್ಕೇ ಒಪ್ಪಲಿಲ್ಲ. ‘ನಾವು ಹೋಟೆಲ್ ಬುಕ್ ಮಾಡಿಲ್ಲ ಮಗಳೇ, ಸುಮ್ನೆ ದುಡ್ಡು ಕೀಳ್ತಾರೆ’ ಅಂತ ನನ್ನ ತೋಳು ಹಿಡ್ಕೊಂಡು ನಿಂತ್ಬಿಟ್ರು.

ಇನ್ನು ಕ್ರಿಯಾಪದಕ್ಕೆ ಬಂದ್ರೆ ಡಬ್ಬಿ ಮಾಡಿದೋರಿಗೆ ಸುಸ್ತಾಗಿದೆ ಅನ್ಸುತ್ತೆ. ರಷ್ಯನ್ನಲ್ಲಿ ನಡ್ಕೊಂಡು ಹೋಗೋದಕ್ಕೆ ಒಂದು, ಗಾಡೀಲಿ ಹೋಗೋದಕ್ಕೆ ಇನ್ನೊಂದು, ಈಗ ಒಂದ್ಕಡೆಗೆ ಹೋಗ್ತಿರೋದಕ್ಕೆ ಬೇರೆ, ದಿನಾ ಹೋಗಿ ಬರೋದಕ್ಕೆ ಬೇರೆ. ಇಂಗ್ಲಿಷಲ್ಲಿ ಎಲ್ಲಕ್ಕೂ ಗೋ, ನಮ್ಮಲ್ಲೂ ಹೋಗು ಅಂದ್ರೆ ಸಾಕು. ಗೋ ಕಾರ್ಡಿನ ಹಿಂದೆ ನಾಲ್ಕು ರಷ್ಯನ್ ಪದ ಸಾಲಾಗಿ ನಿಲ್ಸಿದಾರೆ, ಉದಾಹರಣೆ ಒಂದೇ. ಅತ್ತೆ ಎರಡು ವಾರ ಅದನ್ನೇ ಕೇಳಿದ್ರು, ಬರೀ ಗೋ ನಾ, ಕಾಲಲ್ಲಾ ಬಸ್ಸಲ್ಲಾ ಅಂತ ಎದುರಿನೋರಿಗೆ ಹೆಂಗೆ ಗೊತ್ತಾಗುತ್ತೆ ಅಂತ. ಅದೇ ಥರ ಟ್ರಿಪ್, ಜರ್ನಿ, ಟ್ರಾವೆಲ್ ಮೂರಕ್ಕೂ ಹಿಂದೆ ಪುತಿಶೆಸ್ತ್ವಿಯೆ ಅಂತ ಒಂದೇ ಪದ ಛಾಪಿಸಿಬಿಟ್ಟಿದಾರೆ, ಆಮೇಲೆ ಜನ ಐ ಹ್ಯಾಡ್ ಎ ಗುಡ್ ಟ್ರಾವೆಲ್ ಅನ್ನದೆ ಇನ್ನೇನಂತಾರೆ? ಪ್ರಯಾಣ ಬೇರೆ, ಪ್ರವಾಸ ಬೇರೆ, ಯಾತ್ರೆ ಬೇರೆ ಅಂತ ಕನ್ನಡ ಬರೋ ನನಗೆ ಹೇಳಿಕೊಡೋದು ಸುಲಭ ಆಯ್ತು, ಡಬ್ಬಿ ಒಂದನ್ನೇ ನಂಬ್ಕೊಂಡೋರ ಕತೆ ಏನೋ.

ಬೈ, ಆನ್, ಇನ್ ವಿಷಯದಲ್ಲಂತೂ ಒಂದು ಕಾರ್ಡೂ ಇಲ್ಲ. ರಷ್ಯನ್ನಲ್ಲಿ ಬಸ್ಸಿನ ಮೇಲೆ ಬಂದೆ ಅಂತಾರೆ, ಹಾಗಾಗಿ ಇವರು ಐ ಕಮ್ ಆನ್ ಬಸ್ ಅನ್ನೋರು. ನಮ್ಮೋರು ಬಸ್ಸಲ್ಲಿ ಬಂದೆ ಅನ್ನೋದನ್ನ ಐ ಕೇಮ್ ಇನ್ ಬಸ್ ಮಾಡ್ತೀವಿ. ಇಬ್ರೂ ತಪ್ಪೇ, ಬೈ ಬಸ್ ಆಗ್ಬೇಕು. ಆದ್ರೆ ಒಳಗೆ ಕೂತ್ಕೊಂಡು ಫೋನಲ್ಲಿ ಹೇಳುವಾಗ ಆನ್ ದ ಬಸ್, ಟ್ಯಾಕ್ಸಿಗೆ ಮಾತ್ರ ಇನ್ ಎ ಟ್ಯಾಕ್ಸಿ. ಯಾಕೆ ಅಂತ ವಿವರಿಸಕ್ಕೆ ಹೋಗಿ ನಾನೇ ತಡವರಿಸ್ತಿದ್ದೆ, ಕೊನೆಗೆ ಅತ್ತೆನೇ ರೂಲ್ ಮಾಡಿದ್ರು: ಎದ್ದು ನಿಂತು ಓಡಾಡ್ಕೊಂಡು ಟಿಕೆಟ್ ಹರಿಯೋಕಾಗೋ ಗಾಡಿಗೆ ಆನ್, ಆಗ್ದಿದ್ರೆ ಇನ್. ಬಸ್ಸು, ರೈಲು, ವಿಮಾನ, ಹಡಗು ಎಲ್ಲಕ್ಕೂ ಸರಿಹೋಗುತ್ತೆ, ಕಾರು ಆಟೋಗೂ ಸರಿಹೋಗುತ್ತೆ. ಸೈಕಲ್ಲಿಗೆ ಮಾತ್ರ ಕೈಕೊಡುತ್ತೆ, ಇರ್ಲಿ.

ಉಚ್ಚಾರಣೆ ಕತೆ ಹೇಳ್ಲೇಬೇಕು. ಕಾರ್ಡಿನ ಮೇಲೆ ಇಂಗ್ಲಿಷ್ ಪದನ ರಷ್ಯನ್ ಅಕ್ಷರದಲ್ಲಿ ಬರ್ದಿದಾರೆ, ದ ಅನ್ನೋದು ಝೆ ಆಗುತ್ತೆ, ಥಿಂಕ್ ಅನ್ನೋದು ಸಿಂಕ್ ಆಗುತ್ತೆ. ಡಬ್ಲ್ಯೂ ಮತ್ತೆ ವಿ ಎರಡೂ ಒಂದೇ, ಇದರಲ್ಲಿ ನಾನೂ ಏನೂ ಕಿಸಿಯಕ್ಕಾಗ್ಲಿಲ್ಲ, ನಮಗೂ ಇರೋದು ಒಂದೇ ವ ತಾನೆ. ಆದ್ರೆ ದೊಡ್ಡ ತೊಂದರೆ ಅದಲ್ಲ. ರಷ್ಯನ್ನಲ್ಲಿ ಪದದ ಕೊನೇಲಿ ಬರೋ ಡ, ಗ, ಬ ಎಲ್ಲ ಬಾಯಲ್ಲಿ ಟ, ಕ, ಪ ಆಗ್ಬಿಡುತ್ತೆ, ಬರೆಯೋದು ಹಾಗೇ ಇರುತ್ತೆ, ಅನ್ನೋದು ಮಾತ್ರ ಹೀಗೆ. ಅದನ್ನೇ ಇಂಗ್ಲಿಷಿಗೂ ತಗೊಂಡು ಹೋಗ್ತಾರೆ. ರೋಡ್ ಹೋಗಿ ರೋಟ್, ಬ್ಯಾಗ್ ಹೋಗಿ ಬ್ಯಾಕ್, ಕ್ಯಾಬ್ ಹೋಗಿ ಕ್ಯಾಪ್. ‘ಮೈ ಬ್ಯಾಕ್ ಈಸ್ ಲಾಸ್ಟ್’ ಅಂತ ಅಭ್ಯಾಸ ಮಾಡ್ತಿದ್ರು, ಬೆನ್ನು ಕಳ್ಕೊಂಡಿದೀನಿ ಅಂತ ಕಂಪ್ಲೇಂಟ್ ಕೊಟ್ರೆ ಏರ್‌ಪೋರ್ಟಲ್ಲಿ ಯಾರು ಹುಡುಕಿಕೊಡ್ತಾರೆ? ಡಬ್ಬಿಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಆರು ತಿಂಗಳು ಹೇಳಿ ಹೇಳಿ ನನಗೂ ಬೇಜಾರಾಗಿ ಒಂದಿನ ಸುಮ್ನೆ ನಮ್ಮ ಕಡೆ ಹೇಳೋ ಹಾಗೆ ಹೇಳಿ ಅಂದೆ. ರೋಡು. ಬ್ಯಾಗು. ಕ್ಯಾಬು. ಕೊನೇಲಿ ಒಂದು ಉ ಅಂಟಿಸಿದ ತಕ್ಷಣ ಡ ಡ ಆಗೇ ಉಳೀತು, ಗ ಗ ಆಗೇ ಉಳೀತು! ಒಂದು ತಿಂಗಳು ಉ ಸಮೇತ ಹೇಳಿಸಿ ಆಮೇಲೆ ಉ ಸಣ್ಣ ಮಾಡಿ ಅಂದೆ. ಕೆಲವು ಪದದಲ್ಲಿ ಸಣ್ಣ ಆಯ್ತು, ಕೆಲವದ್ರಲ್ಲಿ ಉ ಹೋಗ್ಲೇ ಇಲ್ಲ. ಈಗ ನಮ್ಮತ್ತೆ ಇಂಗ್ಲಿಷ್ ಕೇಳಿದ್ರೆ ಮಂಡ್ಯದಲ್ಲಿ ಹತ್ತನೇ ಕ್ಲಾಸ್ ಮುಗಿಸಿದೋರ ಥರ ಇದೆ, ಅರ್ಥ ಆಗುತ್ತೆ, ಅದು ಮುಖ್ಯ.

ಕೇಳಿ ಕಲಿಯಕ್ಕೆ ಅಂತ ಡಬ್ಬಿ ಮುಚ್ಚಳದ ಒಳಗೆ ಒಂದು ಕ್ಯೂಆರ್ ಕೋಡ್ ಇತ್ತು. ಒಂದು ವರ್ಷಕ್ಕೆ ಸರಿಯಾಗಿ ಆಡಿಯೋ ನಿಂತೋಯ್ತು. ಮೇಲ್ ಮಾಡಿದೆ, ನಿಮ್ಮ ಪತ್ರ ನಮಗೆ ಅಮೂಲ್ಯ ಅಂತ ಮಷಿನ್ ಉತ್ತರ ಬಂತು, ಆಮೇಲೆ ಮೂರು ಸಲ ಅದೇ ಉತ್ತರ. ಕಾಗದಕ್ಕೆ ದುಡ್ಡು ಕೊಟ್ಟಿದ್ದು ಕೈಲಿದೆ, ಆಡಿಯೋಗೆ ಕೊಟ್ಟಿದ್ದು ಗಾಳಿಗೆ ಹೋಯ್ತು. ಕಾರ್ಡಿನ ಗುಣಮಟ್ಟ ಮಾತ್ರ ಪರವಾಗಿಲ್ಲ, ಎರಡು ವರ್ಷ ಚಾ ಜಾಮು ಎಲ್ಲ ಬಿದ್ರೂ ಒರೆಸಿದ್ರೆ ಹೋಗುತ್ತೆ. ಹಡಗಿನ ಬೂದಿ ಕಾರ್ಡು ನಾವು ಮುಟ್ಲೇ ಇಲ್ಲ, ವೋಲ್ಗಾ ದಡದಲ್ಲೇ ಮನೆ ಇದ್ರೂ.

ಬೆಂಗಳೂರಿಗೆ ಬಂದಿದ್ದು ಈ ವರ್ಷ. ಏರ್‌ಪೋರ್ಟ್ ಕಾರ್ಡುಗಳೆಲ್ಲ ಕೆಲಸಕ್ಕೆ ಬಂದ್ವು, ಕನ್ವೇಯರ್ ಬೆಲ್ಟು, ಟ್ರಾಲಿ, ಡಿಪಾರ್ಚರ್, ಎಲ್ಲ ಓದ್ಕೊಂಡು ಓದ್ಕೊಂಡು ನಡೆದ್ರು. ಮೆಜೆಸ್ಟಿಕ್‌ಗೆ ಹೋಗೋ ವಾಯುವಜ್ರ ಬಸ್ ಹತ್ತಿದ್ವಿ. ಐನೂರರ ನೋಟು ಕೊಟ್ರು, ಕಂಡಕ್ಟರ್ ‘ಚೇಂಜ್ ಇಲ್ವಾ ಮೇಡಮ್’ ಅಂದ. ಅತ್ತೆ ಗಾಬರಿಯಾಗಿ ನನ್ನ ಕಡೆ ತಿರುಗಿ, ನೇರ ಹೋಗುತ್ತೆ ಅಂದ್ಯಲ್ಲ, ಎಲ್ಲಿ ಬಸ್ ಬದಲಾಯಿಸ್ಬೇಕಂತೆ ಅಂತ ಕೇಳಿದ್ರು. ಕಾರ್ಡಲ್ಲಿ ಚೇಂಜ್ ಅಂದ್ರೆ ಪಿರಿಸಾದ್ಕ, ಗಾಡಿ ಬದಲಾಯಿಸೋದು, ಅಷ್ಟೇ ಇದೆ. ಚಿಲ್ಲರೆ ಅನ್ನೋ ಅರ್ಥ ಬರ್ದಿಲ್ಲ. ಇಪ್ಪತ್ತಾರು ವರ್ಷ ಚಿಲ್ಲರೆಗೆ ಜಗಳ ಆಡಿದ ಹೆಂಗಸಿಗೆ ಆ ಪದನೇ ಹೇಳ್ಕೊಟ್ಟಿಲ್ಲ ಇವ್ರು. ಆ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ದುಡ್ಡು ಪೆನ್ನಲ್ಲಿ ಬರ್ದು ಗೋಲ ಸುತ್ತಿ ಕೊಟ್ಟಾಗ ಮಾತ್ರ ಯಾರೂ ಅನುವಾದ ಮಾಡ್ಬೇಕಾಗಿರ್ಲಿಲ್ಲ, ನೋಡಿ ತಲೆ ಅಲ್ಲಾಡಿಸಿ ಪರ್ಸಲ್ಲಿ ಭದ್ರವಾಗಿ ಇಟ್ಕೊಂಡ್ರು.

ಆಮೇಲೆ ಜಯನಗರದ ಸಿಟಿ ಬಸ್ಸು. ಕಂಡಕ್ಟರ್ ರೈಟ್ ರೈಟ್ ಅಂದ, ಬಸ್ಸು ಎಡಕ್ಕೆ ತಿರುಗ್ತು. ಅತ್ತೆ ಹುಬ್ಬು ಗಂಟಿಕ್ಕಿದ್ರು. ಮುಂದಿನ ಸ್ಟಾಪಲ್ಲೂ ರೈಟ್, ಬಸ್ಸು ನೇರ ಹೋಯ್ತು. ಇನ್ನೊಂದ್ಕಡೆ ಹೋಲ್ಡಾನ್ ಹೋಲ್ಡಾನ್ ಅಂತ ಕೂಗಿದ. ಹಳದಿ ಕಾರ್ಡು, ರಾಡು ಹಿಡ್ಕೊಂಡಿರೋ ಕೈ ಚಿತ್ರ, ಹಿಂದೆ ಬಿಗಿಯಾಗಿ ಹಿಡ್ಕೊಳ್ಳಿ ಅಂತ ರಷ್ಯನ್. ಇವರು ಎರಡೂ ಕೈಲಿ ಕಂಬ ತಬ್ಕೊಂಡು ಕಣ್ಣು ಮುಚ್ಕೊಂಡ್ರು. ಬಸ್ಸು ಮೆತ್ತಗೆ ನಿಲ್ತು, ಮೂರು ಜನ ಇಳಿದು ಹೋದ್ರು. ಕಣ್ಣು ಬಿಟ್ಟು ಸುತ್ತ ನೋಡಿ, ‘ಅಂದ್ರೆ ರೈಟ್ ಅಂದ್ರೆ ಹೊರಡು, ಹೋಲ್ಡಾನ್ ಅಂದ್ರೆ ನಿಲ್ಸು, ಅಲ್ವಾ?’ ಅಂದ್ರು. ಅಲ್ಲಿಂದ ಮುಂದೆ ಪ್ರತಿ ಸ್ಟಾಪಲ್ಲೂ ಕಂಡಕ್ಟರ್‌ಗಿಂತ ಅರ್ಧ ಸೆಕೆಂಡ್ ಮುಂಚೆ ಇವರೇ ಮೆಲ್ಲಗೆ ರೈಟ್ ಅನ್ನೋರು. ಅವನಿಗೆ ಗೊತ್ತಾಗಿ ನಗ್ತಾ, ಬನ್ನಿ ಅಮ್ಮ ನೀವೇ ಡ್ಯೂಟಿ ಮಾಡಿ ಅಂದ.

ಹಾಸನಕ್ಕೆ ರೈಲಲ್ಲಿ ಹೋದ್ವಿ. ಬರ್ತ್, ಕಂಪಾರ್ಟ್‌ಮೆಂಟ್, ಕೋಚ್ ಕಾರ್ಡುಗಳಿವೆ, ಸೈಡ್ ಲೋವರ್ ಇಲ್ಲ. ರಷ್ಯಾದ ರೈಲಿನ ಪ್ಲತ್ಸ್‌ಕಾರ್ತ್ ಅನ್ನೋ ಬೋಗೀಲಿ 54 ಮಲಗೋ ಜಾಗ, ನಮ್ಮ ಸ್ಲೀಪರ್ ಥರನೇ ಪಕ್ಕದ ಸಾಲಲ್ಲೂ ಮೇಲೊಂದು ಕೆಳಗೊಂದು, ಕಕ್ಕಸಿನ ಹತ್ರದ್ದು ಸಿಕ್ಕಿದ್ರೆ ಅಲ್ಲೂ ಜನ ಮುಖ ಸಿಂಡರಿಸ್ತಾರೆ. ಸೈಡ್ ಲೋವರ್ ಅನ್ನೋ ಕಾರ್ಡು ಅತ್ತೆನೇ ಬರ್ಕೊಂಡ್ರು.

ಮಾರ್ಕ್ಸು ಅಂದ್ರೆ ಐದಕ್ಕೆ ಮೂರೂವರೆ. ಸಾಮಾನಿನ ಹೆಸರು ಬೇಕು, ದಿನಾ ಹದಿನೈದು ನಿಮಿಷ ಕೂರ್ತೀನಿ ಅನ್ನೋರಿಗೆ 890 ರೂಬಲ್‌ಗೆ ಮೋಸ ಇಲ್ಲ. ಒಬ್ಬೊಬ್ರೇ ಕಲಿಯೋರಿಗೆ ಬೇಡ, ಪಕ್ಕದಲ್ಲಿ ಇಂಗ್ಲಿಷ್ ಗೊತ್ತಿರೋರು ಒಬ್ರಿರ್ಬೇಕು, ಆಡಿಯೋ ಇದೆ ಅಂತ ನಂಬ್ಕೊಂಡು ತಗೊಳ್ಬೇಡಿ. ಜೊತೆಗೆ ಐವತ್ತು ಖಾಲಿ ಕಾರ್ಡು ತಗೊಳ್ಳಿ, ಕ್ರಿಯಾಪದ ನೀವೇ ಬರ್ಕೋಬೇಕಾಗುತ್ತೆ. ನಮ್ಮದರಲ್ಲಿ ಈಗ 500 ಇಲ್ಲ, ಬೂದಿ ಬಣ್ಣದವನ್ನೆಲ್ಲ ಅತ್ತೆ ಕಿತ್ತು ಹಿಂದೆ ಬೇಕಾದ್ದು ಬರ್ಕೊಂಡಿದಾರೆ, ಚೇಂಜ್ ಕಾರ್ಡಿಗೆ ಸ್ದಾಚ ಅಂತ, ಅಂದ್ರೆ ಚಿಲ್ಲರೆ ಅಂತ, ಕೆಂಪು ಇಂಕಲ್ಲಿ ಸೇರಿಸಿದಾರೆ. ಯಾರೋ ಸೆಕೆಂಡ್ ಹ್ಯಾಂಡ್ ಕೊಡ್ತೀರಾ ಅಂತ ಕೇಳಿದ್ರು. ಕೊಡಲ್ವಂತೆ. ಎದುರು ಮನೆ ಅಜ್ಜಿಗೆ ಮಂಗಳವಾರ, ಶುಕ್ರವಾರ ಪಾಠ ಶುರು ಮಾಡಿದಾರೆ, ಮೊನ್ನೆ ಮೆಟ್ಟಿಲ ಹತ್ರ ಸಿಕ್ಕಿದ್ರು ಆ ಅಜ್ಜಿ, ಕೈಲಿದ್ದ ಚೀಲ ಎತ್ತಿ ತೋರ್ಸಿ ನನಗೆ ಬ್ಯಾಗು ಅಂದ್ರು.