ರೈಲೇಯಲ್ಲಿ ಉಳಿಯೋಕೆ ಟೋನ್‌ಸಾಯ್ ಬೇಡ, ಕೆಸರಿನ ಕಡೆಯೇ ಇರಲಿ

ಮೊದಲೇ ಹೇಳಿಬಿಡುತ್ತೇನೆ, ನಮ್ಮಿಬ್ಬರಿಗೂ ಇಷ್ಟವಾಗಿದ್ದು ರೈಲೇ ಈಸ್ಟ್. "ಅಲ್ಲಿ ಬರೀ ಕೆಸರು, ಈಜೋಕೆ ಆಗಲ್ಲ" ಎಂದು ಹೋಗಿಬಂದವರೆಲ್ಲ ಹೇಳುತ್ತಾರಲ್ಲ, ಅದೇ ಜಾಗ. ಆ ಮಾತು ನಂಬಿ ನಾವು ಟೋನ್‌ಸಾಯ್‌ನಲ್ಲಿ ಹತ್ತು ರಾತ್ರಿಗೆ ದುಡ್ಡು ಕಟ್ಟಿದ್ದೆವು. ಒಂಬತ್ತನೇ ದಿನ ಬೆಳಿಗ್ಗೆ ಬ್ಯಾಗ್ ಎತ್ತಿಕೊಂಡು ಈಸ್ಟ್‌ಗೆ ಬಂದೆವು. ಉಳಿದ ಎರಡು ರಾತ್ರಿಯ ದುಡ್ಡು ವಾಪಸ್ ಬರಲಿಲ್ಲ.

ಗೊತ್ತಿಲ್ಲದವರಿಗೆ: ರೈಲೇ ಇರುವುದು ದಕ್ಷಿಣ ಥಾಯ್ಲೆಂಡಿನ ಕ್ರಾಬಿ ಹತ್ತಿರ. ಸಮುದ್ರಕ್ಕೆ ಚಾಚಿಕೊಂಡ ಸಣ್ಣ ನೆಲ. ಹಿಂದೆ ಸುಣ್ಣದ ಕಲ್ಲಿನ ಬೆಟ್ಟಗಳು ಗೋಡೆಯ ಹಾಗೆ ನಿಂತಿರುವುದರಿಂದ ರಸ್ತೆಯೇ ಇಲ್ಲ, ದೋಣಿಯಲ್ಲೇ ಹೋಗಬೇಕು. ಪಶ್ಚಿಮಕ್ಕೆ ರೈಲೇ ವೆಸ್ಟ್, ಪೂರ್ವಕ್ಕೆ ಈಸ್ಟ್, ದಕ್ಷಿಣದ ತುದಿಯಲ್ಲಿ ಪ್ರಾ ನಾಂಗ್, ವೆಸ್ಟ್‌ನ ಪಕ್ಕದ ಬಂಡೆ ದಾಟಿದರೆ ಟೋನ್‌ಸಾಯ್. ಐದು ತಿಂಗಳ ತಿರುಗಾಟದಲ್ಲಿ ಸುಸ್ತಾಗಿದ್ದ ನಮಗೆ ಒಂದೇ ಕಡೆ ಕೂತು, ಬೆಳಿಗ್ಗೆ ಸಂಜೆ ಸಮುದ್ರಕ್ಕೆ ಇಳಿದು, ಅಡ್ಡಾಡಿಕೊಂಡು ಇರಬೇಕಿತ್ತು ಅಷ್ಟೇ.

ಟೋನ್‌ಸಾಯ್ ಅಗ್ಗ. ನಮ್ಮ ಗುಡಿಸಲಿಗೆ ದಿನಕ್ಕೆ 650 ಬಾತ್ (ಥಾಯ್ಲೆಂಡಿನ ದುಡ್ಡು). ಬಂಡೆ ಹತ್ತುವ ಹುಡುಗ ಹುಡುಗಿಯರೇ ಜಾಸ್ತಿ, ಒಳ್ಳೆಯ ಜನ. ಆದರೆ ಆಪ್‌ನಲ್ಲಿ ತೋರಿಸಿದ್ದ ಫೋಟೋ ಭರತದ, ಅಂದರೆ ಸಮುದ್ರ ಉಕ್ಕಿ ನೀರು ಏರಿದ ಹೊತ್ತಿಗೆ ತೆಗೆದದ್ದು. ನಾವು ಹೋಗಿದ್ದು ಹುಣ್ಣಿಮೆ ಕಳೆದು ಎರಡನೇ ದಿನ. ಮಧ್ಯಾಹ್ನ ದಾಟಿದರೆ ನೀರು ದೂರ ಸರಿದು ಬರೀ ಕಲ್ಲು, ಸತ್ತ ಹವಳ. ಇವರ (ನನ್ನ ಗಂಡನ) ಕಾಲು ಮೊದಲ ದಿನವೇ ಕುಯ್ದಿತು. ಹಾಗಾಗಿ ಸಂಜೆ ಈಜಬೇಕೆಂದರೆ ದಿನಾ ವೆಸ್ಟ್‌ಗೆ ನಡೆಯಲೇಬೇಕು.

ಆ ನಡಿಗೆಯೇ ನಮಗೆ ಕಷ್ಟ ತಂದದ್ದು. ನೀರು ಇಳಿದಿದ್ದರೆ ಬೆಟ್ಟದ ಬುಡದ ಬಂಡೆಗಳ ಮೇಲೆ ಹತ್ತು ನಿಮಿಷದ ದಾರಿ. ಮೊದಲ ಎರಡು ಮೂರು ದಿನ ಸೂರ್ಯ ಮುಳುಗುವುದನ್ನು ನೋಡಿ ಆರಾಮಾಗಿ ವಾಪಸ್ ಬಂದೆವು. ಆದರೆ ಭರತ ಇಳಿತ ಎರಡೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ. ಒಂದು ವಾರ ಕಳೆಯುವಷ್ಟರಲ್ಲಿ ಲೆಕ್ಕ ಪೂರ್ತಿ ತಿರುಗಿಬಿಡುತ್ತದೆ, ಇಳಿತ ಇದ್ದ ಹೊತ್ತಿಗೆ ಭರತ. ಎಂಟನೇ ದಿನ ಸಂಜೆ ಏಳಕ್ಕೆ ಬಂಡೆಗಳ ಹತ್ತಿರ ಬಂದರೆ ದಾರಿಯೇ ಇಲ್ಲ. "ರೀ, ನಿಲ್ಲಿ" ಅಂದೆ. ಇವರು ತುಮಕೂರಿನವರು, ನೀರು ಎಷ್ಟಿರಬಹುದೆಂದು ನೋಡೋಕೆ ಆಗಲೇ ಇಳಿದಾಗಿತ್ತು. ಮೊಣಕಾಲು ದಾಟಿ ನೀರು, ಅಡಿಯಲ್ಲಿ ಪಾಚಿ ಹಿಡಿದ ಕಲ್ಲು, ಕೈಯಲ್ಲಿ ಫೋನು ಪಾಸ್‌ಪೋರ್ಟು ಎಲ್ಲ ಇರುವ ಚೀಲ. ನಾಲ್ಕು ಹೆಜ್ಜೆ ಇಟ್ಟು ಜಾರಿ ಬಿದ್ದರು. ಚೀಲ ಉಳಿಯಿತು, ಮೊಣಕೈ ಸುಲಿಯಿತು.

ಇನ್ನೊಂದು ದಾರಿ ಇದೆ, ಈಸ್ಟ್ ಕಡೆಯಿಂದ ಕಾಡಿನೊಳಗೆ ಹತ್ತಿ ಇಳಿಯುವುದು. ಹಗಲಲ್ಲಿ ಅರ್ಧ ಗಂಟೆ. ಆ ರಾತ್ರಿ ನಮಗೆ ಒಂದು ಗಂಟೆ ಹಿಡಿಯಿತು. ಹುಣ್ಣಿಮೆ ಕಳೆದು ಒಂಬತ್ತು ಹತ್ತು ದಿನ ಆಗಿತ್ತಲ್ಲ, ಚಂದ್ರ ನಡುರಾತ್ರಿಯ ಮೇಲೆ ಹುಟ್ಟುವ ದಿನಗಳು, ಕಗ್ಗತ್ತಲು. ಒಂದು ಫೋನಿನ ಬೆಳಕಲ್ಲಿ ಬೇರು ಕಲ್ಲು ತಡವುತ್ತ, ರಕ್ತ ಬರುತ್ತಿದ್ದ ಇವರ ಕೈ ಹಿಡಿದು ನಡೆದೆ. ನನಗೆ ನಿಜವಾಗಿ ಭಯ ಆಯಿತು. ಗುಡಿಸಲು ತಲುಪಿದ ಮೇಲೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ, ನಾಳೆ ಇಲ್ಲಿ ಬೇಡ ಅಂತ ಮಾತ್ರ ತೀರ್ಮಾನ ಮಾಡಿದೆವು.

ಈಸ್ಟ್‌ನಲ್ಲಿ 1100 ಬಾತ್‌ಗೆ ರೂಮು ಸಿಕ್ಕಿತು. ಎದುರಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಇಳಿತದಲ್ಲಿ ಕೆಸರು, ಅದರಲ್ಲಿ ಓಡಾಡುವ ಏಡಿ. ಇವರಿಗೆ ಮೊದಲು ಮುಖ ಸಪ್ಪೆಯಾಯಿತು. ನಾನು ಕುಮಟಾದವಳು, ನನಗೆ ಅಘನಾಶಿನಿಯ ಹಿನ್ನೀರಿನ ದಂಡೆಗೆ ಬಂದ ಹಾಗೇ ಆಯಿತು. ಹುಣ್ಣಿಮೆ ಅಮಾಸೆ ಹತ್ತಿರ ನೀರು ಚೆನ್ನಾಗಿ ಇಳಿದಾಗ ನಮ್ಮ ಕಡೆ ಹೆಂಗಸರು ಇಂಥ ಕೆಸರಲ್ಲೇ ಬಳಚು (ಚಿಪ್ಪುಮೀನು) ಹೆಕ್ಕುತ್ತಾರೆ. ಆ ವಾಸನೆ ನನಗೆ ಮನೆಯ ವಾಸನೆ.

ಮುಖ್ಯ ವಿಷಯ ಏನೆಂದರೆ ಈಸ್ಟ್‌ನಿಂದ ಎಲ್ಲಿಗೆ ಹೋಗಲೂ ಭರತದ ಹಂಗಿಲ್ಲ. ವೆಸ್ಟ್‌ಗೆ ಐದು ನಿಮಿಷ, ಪ್ರಾ ನಾಂಗ್‌ಗೆ ಹತ್ತು. ಎರಡಕ್ಕೂ ನೆಲದ ಮೇಲೆ ದಾರಿ.

ಪ್ರಾ ನಾಂಗ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನೇತಾಡುವ ಸುಣ್ಣದ ಕಲ್ಲಿನ ಬಂಡೆಗಳ ಕೆಳಗೆ ಮರಳು, ತುದಿಯಲ್ಲಿ ಒಂದು ಗುಹೆ. ಅಲ್ಲಿ ಮೀನುಗಾರರು ಸಮುದ್ರದ ದೇವತೆಗೆ ಮರದ ಲಿಂಗಗಳನ್ನು ಹರಕೆ ಒಪ್ಪಿಸುತ್ತಾರೆ, ದೊಡ್ಡವು ಚಿಕ್ಕವು ರಾಶಿ ರಾಶಿ. ನಗುವವರನ್ನು ನೋಡಿದೆ, ಬೇಜಾರಾಯಿತು. ಕಡಲಿಗೆ ಹೋಗುವವರ ಹರಕೆ ಅದು. ಹತ್ತು ಗಂಟೆ ಮೇಲೆ ಟೂರ್ ದೋಣಿಗಳು ಬಂದು ಕಾಲಿಡಲು ಜಾಗ ಇರುವುದಿಲ್ಲ. ನಾವು ಏಳಕ್ಕೇ ಹೋಗಿ ಈಜಿ, ಜನ ಬರುವ ಹೊತ್ತಿಗೆ ರೂಮಿಗೆ ಬಂದು ಮಲಗುತ್ತಿದ್ದೆವು. ಇದು ಸಾಧ್ಯವಾದದ್ದು ಹತ್ತಿರ ಇದ್ದದ್ದರಿಂದ.

ವೆಸ್ಟ್: ಸೂರ್ಯಾಸ್ತಕ್ಕೆ ಹೋಗಿ, ಉಳಿಯಲು ನಮ್ಮ ಬಜೆಟ್‌ಗೆ ಆಗಲಿಲ್ಲ.

ಪಕ್ಕದ ಕಡಲತೀರದ ಊರು ಆವೊ ನಾಂಗ್‌ನಲ್ಲಿ ಉಳಿದು ದಿನಾ ಬಂದು ಹೋಗಬಹುದಲ್ವಾ ಎಂದು ಕೇಳುತ್ತೀರಿ. ಅಲ್ಲಿ 700 ಬಾತ್‌ಗೆ ರೂಮು ನೋಡಿದ್ದೆವು. ಆದರೆ ಲಾಂಗ್‌ಟೇಲ್ ದೋಣಿಗೆ ಆಗ ಒಂದು ಸಲಕ್ಕೆ ತಲೆಗೆ 100 ಬಾತ್, ಇಬ್ಬರು ಹೋಗಿ ಬಂದರೆ 400. ಅಲ್ಲಿಗೆ 1100, ಈಸ್ಟ್‌ನ ರೂಮಿನಷ್ಟೇ ಆಯಿತು. ಮೇಲೆ ದೋಣಿ ತುಂಬುವ ತನಕ ಕಾಯಬೇಕು.

ಊಟದ್ದು ಎಲ್ಲ ಕಡೆ ಒಂದೇ ತೊಂದರೆ, ಇವರು ಸಸ್ಯಾಹಾರಿ, ತರಕಾರಿಗೂ ಮೀನಿನ ಸಾಸ್ ಹಾಕುತ್ತಾರೆ. "ಜೇ" ಎಂದು ಹೇಳಿ. ಅದರಲ್ಲಿ ಮಾಂಸ ಮೀನು ಮೊಟ್ಟೆ ಬಿಟ್ಟು ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಕೋತಿಗಳಿವೆ, ಚೀಲದಲ್ಲಿ ಬಾಳೆಹಣ್ಣು ಇಡಬೇಡಿ.

ಬಂಡೆ ಹತ್ತೋಕೆ ಬಂದವರಾದರೆ ಟೋನ್‌ಸಾಯ್‌ನಲ್ಲೇ ಇರಿ, ನಿಮಗೆ ಬೇಕಾದ ಗೋಡೆ ಅಲ್ಲೇ ಇದೆ. ನಮ್ಮ ಹಾಗೆ ದಿನಕ್ಕೆರಡು ಸಲ ನೀರಿಗಿಳಿದು, ಕತ್ತಲಾದ ಮೇಲೆ ನಿಧಾನವಾಗಿ ನಡೆದು ಬರುವ ಗಂಡ ಹೆಂಡತಿಯಾದರೆ ದಿನಕ್ಕೆ 450 ಬಾತ್ ಜಾಸ್ತಿ ಕೊಟ್ಟು ಈಸ್ಟ್ ಹಿಡಿಯಿರಿ. ಬರುವಾಗ ಕ್ರಾಬಿ ಪಟ್ಟಣದಿಂದಲೇ ದೋಣಿ ಹತ್ತಿ. ಅದು ಈಸ್ಟ್ ಕಡೆಗೇ ಬರುತ್ತದೆ. ಅಲ್ಲಿನ ತೇಲುವ ಜೆಟ್ಟಿಯ ಮೇಲೆ ಇಳಿದರೆ ಲಗೇಜು ಒದ್ದೆಯಾಗುವುದಿಲ್ಲ. ನಾವು ಹತ್ತು ರಾತ್ರಿಗೆಂದು ಬಂದವರು ಈಸ್ಟ್‌ನಲ್ಲೇ ಮತ್ತೆ ಹನ್ನೆರಡು ದಿನ ಇದ್ದೆವು.