ಹಡಗಿನಾಗೆ ಅರಿವೆ ಒಗ್ಯೋ ಲೆಕ್ಕ: ಸಿಂಕೋ, ಮಷಿನ್ನೋ, ಚೀಲಾನೋ?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಕ್ಯಾಬಿನ್ ಬಾತ್‌ರೂಮಿನ ಸಿಂಕಿಗೇ. ದಿನಾ ರಾತ್ರಿ ಮಲಗೋಕ್ಮುಂಚೆ ಮೂರ್ನಾಲ್ಕು ಅರಿವೆ, ಅಷ್ಟೇ, ಕೈಯಾಗೆ ಒಗ್ದು ಟವೆಲ್‌ನಾಗೆ ಸುತ್ತಿ ಹಿಂಡಿ ಎಸಿ ಗಾಳಿ ಬರೋ ಕಡೆ ನೇತು ಹಾಕೋದು. ಉಳಿದಿದ್ದೆಲ್ಲಾ, ಅಂದ್ರೆ ಹಡಗಿನ ಲಾಂಡ್ರಿ ರೂಮು, ಚೀಲ ತುಂಬಿ ಕೊಡೋ ಸರ್ವೀಸು, ದಡಕ್ಕೆ ಇಳ್ದು ಅಂಗಡಿಗೆ ಹಾಕೋದು, ಎಲ್ಲಾನೂ ಮಾಡಿ ನೋಡೀನಿ, ರೊಕ್ಕ ಕೊಟ್ಟೀನಿ, ಒಂದೆರಡಕ್ಕೆ ತಲೆನೂ ಕೆಟ್ಟೈತೆ.

ನಾವು ಬಳ್ಳಾರಿ ಮಂದಿ, ಜೀನ್ಸ್ ವಾಷಿಂಗ್ ಯೂನಿಟ್ ಐತೆ ನಮ್ದು. ಹಂಗಾಗಿ ಒಗ್ಯೋ ವಿಷ್ಯದಾಗೆ ಯಾರಾದ್ರೂ ಏನಾದ್ರೂ ಹೇಳಿದ್ರೆ ಸುಮ್ನೆ ತಲೆ ಆಡ್ಸೋ ಆಸಾಮಿ ಅಲ್ಲ ನಾನು. ಮಗಳು ಅಳಿಯ ಸೇರ್ಕೊಂಡು ನಮ್ಮಿಬ್ರಿಗೆ ಮೆಡಿಟರೇನಿಯನ್ ಕ್ರೂಸ್ ಟಿಕೆಟ್ ಮಾಡ್ಸಿದ್ರು, ಬಾರ್ಸಿಲೋನಾದಾಗೆ ಹತ್ತಿ ಫ್ರಾನ್ಸು ಇಟಲಿ ಗ್ರೀಸು ಅಂತ ಎರಡು ವಾರಕ್ಕೂ ಮೇಲಿನ ಪ್ರಯಾಣ. ಬಫೆ ಹೆಂಗಿತ್ತು, ಸ್ವಿಮಿಂಗ್ ಪೂಲ್ ಎಷ್ಟು ದೊಡ್ದು ಅಂತ ಹೇಳೋರು ಬೇಕಾದಷ್ಟು ಜನ ಇದಾರೆ, ನಾನು ಅರಿವೆ ವಿಷ್ಯ ಅಷ್ಟೇ ಹೇಳ್ತೀನಿ. ದಿನಕ್ಕೊಂದು ಜೊತೆ ಒಯ್ತೀನಿ ಅನ್ನೋರಿಗೆ ವಿಮಾನದ ತೂಕದ ಲಿಮಿಟ್ ಐತೆ, ಕ್ಯಾಬಿನ್ ಕಪಾಟಿನ ಸೈಜೂ ಐತೆ, ಎರಡೂ ಬ್ಯಾಡ ಅಂತಾವೆ, ಆ ದಾರಿ ಅಲ್ಲಿಗೇ ಮುಗೀತು.

ಈಗ ಅಸಲಿ ಗೋಳಿಗೆ ಬರ್ತೀನಿ. ಹಡಗಿನಾಗೆ ಒಗ್ಯೋದು ಏನೂ ಕಷ್ಟ ಇಲ್ರಿ, ಒಣಗ್ಸೋದೈತಲ್ಲ, ಅದು ಪ್ರಾಣ ತಿಂತೈತೆ. ನಮ್ಮೂರಾಗೆ ಏಪ್ರಿಲ್ ಮೇ ಬಂದು ಬಿಸ್ಲು 40 ಡಿಗ್ರಿ ದಾಟಿದ್ರೆ ಮಾಳಿಗೆ ಮೇಲೆ ತಂತಿಗೆ ಹಾಕಿದ ಸೀರೆ, ಕೆಳಗಿಳ್ದು ಚಾ ಕುಡ್ದು ಮೇಲೆ ಹೋಗೋದ್ರಾಗೆ ಗರಿಗರಿ ಆಗಿರ್ತೈತೆ. ಒಣಗ್ಸೋದೂ ಒಂದು ಕೆಲ್ಸ ಅಂತ ನಮಗೆ ಗೊತ್ತೇ ಇರಲ್ಲ. ನಮ್ದು ಒಳಗಿನ ಕ್ಯಾಬಿನ್ನು, ಕಿಟಕಿ ಇಲ್ಲ, ಬಾತ್‌ರೂಮಿನಾಗೆ ಇಬ್ರು ನಿಂತ್ರೆ ಮೊಣಕೈ ತಾಗ್ತಾವೆ. ಷವರ್ ಮೇಲೆ ಗೋಡೆಗೆ ಒಂದು ಡಬ್ಬಿ, ಅದ್ರೊಳಗಿಂದ ದಾರ ಎಳ್ದು ಎದುರಿನ ಗೋಡೆ ಕೊಕ್ಕೆಗೆ ಸಿಗಿಸ್ಬೇಕು. ನೋಡೋಕೆ ಚಂದ ಐತೆ, ಎರಡು ಶರ್ಟು ಹಾಕಿದ್ರೆ ಜೋತು ಬೀಳ್ತೈತೆ, ಮೂರನೇದು ಹಾಕಿದ್ರೆ ಎಲ್ಲಾ ನಡುವಿಗೆ ಜಾರಿ ಒಂದಕ್ಕೊಂದು ಅಂಟ್ಕೊಂಡು ನಿಲ್ತಾವೆ. ಅಂಟ್ಕೊಂಡ ಜಾಗದಾಗೆ ಗಾಳಿ ಹೋಗಲ್ಲ, ಅಲ್ಲಿ ಬೆಳಗಾದ್ರೂ ಹಸಿ. ಅದ್ರ ಮೇಲೆ ಬೆಳಿಗ್ಗೆ ಇಬ್ರೂ ಬಿಸಿನೀರು ಸ್ನಾನ ಮಾಡ್ತೀವಿ, ಆ ಹಬೆ ಎಲ್ಲಾ ಅದೇ ಅರಿವೆಗೆ, ಅಂದ್ರೆ ರಾತ್ರಿ ಪೂರ್ತಿ ಒಣಗಿದ್ದು ಬೆಳಿಗ್ಗೆ ವಾಪಸ್ ನೆನೀತು.

ಜೀನ್ಸಿಂದಂತೂ ಕೇಳ್ಲೇಬ್ಯಾಡ್ರಿ. ಬಳ್ಳಾರಿಯವ್ನು, ಅದೂ ಜೀನ್ಸ್ ಧಂದೆಯವ್ನು, ನಮ್ಮೂರ ಪ್ಯಾಂಟ್ ಹಾಕ್ಕೊಳ್ದೆ ಹೋಗೋಕಾಗ್ತೈತಾ. ಒಂದು ಊರಾಗೆ ಮಳೆ, ಕೆಸರು, ಒಗೀಲೇಬೇಕಾಯ್ತು. ಕಾಲಿನ ಭಾಗ ಮರುದಿನಕ್ಕೆ ಒಣಗ್ತು, ಸೊಂಟದ ಪಟ್ಟಿ, ಜೇಬಿನ ಒಳಗಿನ ಬಿಳಿ ಬಟ್ಟೆ, ಸೈಡಿಗೆ ಡಬಲ್ ಹೊಲಿಗೆ ಬಿದ್ದಿರೋ ಸಾಲು, ಇವು ಮೂರು ಮರುದಿನ ರಾತ್ರಿಗೂ ಮುಟ್ಟಿದ್ರೆ ತಣ್ಣಗೆ. ಆಮೇಲೆ ಶುರುವಾಯ್ತು ಮುಗ್ಗಲು ವಾಸ್ನೆ. ಕಿಟಕಿ ಇಲ್ದ ರೂಮು, ಎಲ್ಲಿಗೆ ಹೋಗ್ಬೇಕು ಅದು. ನಮ್ಮನೆಯಾಕೆ ಮಧ್ಯರಾತ್ರಿ ಎದ್ದು ಕೂತು, "ರೀ, ಈ ಪ್ಯಾಂಟ್ ಹೊರಗೆ ಹಾಕ್ತೀರೋ, ನಾನು ಹೊರಗೆ ಹೋಗ್ಲೋ" ಅಂದ್ಲು. ಹೊರಗೆ ಹಾಕೋಕೆ ಎಲ್ಲಿ ಜಾಗ? ಬಾಲ್ಕನಿ ಇರೋರೂ ಕಂಬಿ ಮೇಲೆ ಹಾಕಂಗಿಲ್ಲ. ಗಾಳಿಗೆ ಹಾರಿ ಹೋಗ್ತೈತೆ, ಮೇಲಿನವ್ರು ಸಿಗರೇಟ್ ಕಿಡಿ ಉದುರಿಸಿದ್ರೆ ಬೆಂಕಿ ಹತ್ತೈತೆ ಅಂತ. ಹಡಗಿನವ್ರಿಗೆ ಬೆಂಕಿ ಅಂದ್ರೆ ಅಷ್ಟು ಭಯ, ನಮ್ಮಾಕೆ ಒಯ್ದಿದ್ದ ಸಣ್ಣ ಇಸ್ತ್ರಿ ಪೆಟ್ಟಿಗೇನೂ ಹತ್ತೋವಾಗ್ಲೇ ಸ್ಕ್ಯಾನಿಂಗ್‌ನಾಗೆ ಹಿಡ್ದು, ಚೀಟಿ ಕೊಟ್ಟು ಇಟ್ಕೊಂಡು, ಇಳಿಯೋ ದಿನ ವಾಪಸ್ ಕೊಟ್ರು.

ಇದಕ್ಕೆ ದಾರಿ ಸಿಕ್ಕಿದ್ದು ನಮ್ಮ ಧಂದೆಯಿಂದಾನೇ. ಯೂನಿಟ್‌ನಾಗೆ ವಾಷಿಂಗ್ ಮಷಿನ್ನಿಂದ ತೆಗ್ದ ಪ್ಯಾಂಟನ್ನ ಸೀದಾ ಡ್ರೈಯರ್‌ಗೆ ಯಾರೂ ಹಾಕಲ್ಲ, ಮೊದ್ಲು ಹೈಡ್ರೋಗೆ ಹಾಕ್ತೀವಿ, ಅದು ಗರಗರ ತಿರುಗಿ ನೀರೆಲ್ಲಾ ಎಸೀತೈತೆ, ಆಮೇಲೇ ಬಿಸಿಗಾಳಿ. ತಿರುಗ್ಸಿ ತೆಗೆಯೋ ನೀರನ್ನ ಕಾಯ್ಸಿ ತೆಗೀತೀನಿ ಅಂತ ಹೊರಟ್ರೆ ಬಾಯ್ಲರ್‌ಗೆ ಸೌದೆ ಹಾಕೀ ಹಾಕೀ ದಿವಾಳಿ ಆಗ್ತೀವಿ. ಕ್ಯಾಬಿನ್‌ನಾಗೆ ಹೈಡ್ರೋ ಎಲ್ಲಿಂದ ತರೋಣ, ಟವೆಲ್ಲೇ ಹೈಡ್ರೋ. ದೊಡ್ಡ ಸ್ನಾನದ ಟವೆಲ್ ಮಂಚದ ಮೇಲೆ ಹಾಸಿ, ಕೈಯಾಗೆ ಹಿಂಡಿದ ಶರ್ಟನ್ನ ಅದ್ರ ಮೇಲೆ ಚಪ್ಪಟೆ ಹಾಕಿ, ಚಾಪೆ ಸುತ್ತಿದಂಗೆ ಬಿಗಿಯಾಗಿ ಸುತ್ತಿ, ಒಂದು ತುದಿ ನಮ್ಮಾಕೆ ಹಿಡ್ಕೊಂಡು ಇನ್ನೊಂದು ತುದಿ ನಾನು ತಿರುವೋದು. ಬಿಚ್ಚಿದ್ರೆ ಟವೆಲ್ ಒದ್ದೆ, ಶರ್ಟು ಬರೀ ತಂಪು. ಬೆಳಿಗ್ಗೆ ರೂಮ್ ಹುಡುಗ ಬಂದು ಟವೆಲ್ ಬದಲಿಸ್ತಾನೆ, ರೊಕ್ಕ ಏನೂ ಇಲ್ಲ.

ಆಮೇಲೆ ಆ ಬಾತ್‌ರೂಮಿನ ದಾರದ ಕಥೆ ಬಿಟ್ಟೇಬಿಟ್ವಿ. ಹಡಗಿನ ಕ್ಯಾಬಿನ್ ಗೋಡೆ ತಗಡಿಂದು, ಮ್ಯಾಗ್ನೆಟ್ ಕೊಕ್ಕೆ ಅಂಟ್ತಾವೆ. ಎಸಿ ಗಾಳಿ ಒಣ ಗಾಳಿ, ಅದು ಬರೋ ಜಾಲರಿ ಎದುರಿಗೆ ಕೊಕ್ಕೆ ಹಾಕಿ ಹ್ಯಾಂಗರ್ ನೇತು ಹಾಕಿ ಬಾತ್‌ರೂಮ್ ಬಾಗಿಲು ಮುಚ್ಚಿ ಮಲಗಿದ್ರೆ ಬೆಳಿಗ್ಗೆ ಅರಿವೆ ರೆಡಿ. ಆದ್ರೆ ಎಂಥಾ ಅರಿವೆ ಅನ್ನೋದೂ ಮುಖ್ಯ. ಟೆರಿಕಾಟ್ ಶರ್ಟು, ಆಟದ ಟೀ ಶರ್ಟು, ನಮ್ಮಾಕೆಯ ಸಿಂಥೆಟಿಕ್ ಚೂಡಿದಾರ್, ಇವು ಒಣಗ್ತಾವೆ. ದಪ್ಪ ಕಾಟನ್ ಒಣಗಲ್ಲ. ಎಲ್ಲಕ್ಕಿಂತ ಬೇಗ ಒಣಗಿದ್ದು ನನ್ನ ಪಂಚೆ, ಅದನ್ನ ಉಟ್ಕೊಂಡು ಡೈನಿಂಗ್ ಹಾಲಿಗೆ ಹೋಗೋ ಧೈರ್ಯ ನಂಗಿತ್ತು, ನಮ್ಮಾಕೆಗೆ ಇರ್ಲಿಲ್ಲ.

ನೀರಿನ ವಿಷ್ಯ ಒಂದು ಹೇಳ್ಬೇಕು. ನಮ್ ಕಡೆ ಬೋರ್ ನೀರು ಗಡಸು, ಕ್ಯಾಲ್ಸಿಯಂ ಮೆಗ್ನೀಸಿಯಂ ಜಾಸ್ತಿ, ಅರ್ಧ ಬಾರ್ ಸೋಪು ತಿಕ್ಕಿದ್ರೂ ನೊರೆ ಬರೋದು ಅಷ್ಟರಾಗೇ. ಹಡಗಿನಾಗೆ ಸಮುದ್ರದ ನೀರನ್ನೇ ಉಪ್ಪು ತೆಗ್ದು ಬಳಸ್ತಾರೆ, ಅದು ಮೆದು ನೀರು. ಊರಿನ ಅಂದಾಜಿನಾಗೆ ಸೋಪು ಹಾಕಿದ್ರೆ ಸಿಂಕ್ ತುಂಬಾ ನೊರೆ, ಜಾಲಿಸಿ ಜಾಲಿಸಿ ಕೈ ಸೋತ್ರೂ ಜಾರ್ತಾನೇ ಇರ್ತೈತೆ. ಸೋಪು ಉಳಿದ ಅರಿವೆ ಮೈಗೆ ತುರಿಕೆ ಬೇರೆ. ಊರಾಗೆ ಹಾಕೋದ್ರಾಗೆ ಕಾಲು ಭಾಗ ಸಾಕು. ಒಂದು ಬಾರ್ ಸೋಪನ್ನ ಮನೇಲೇ ಚಾಕುವಿನಾಗೆ ತುಂಡು ಮಾಡ್ಕೊಂಡು ಹೋಗ್ರಿ, ಪುಡಿ ಬ್ಯಾಡ, ಸೂಟ್‌ಕೇಸ್‌ನಾಗೆ ಒಡೆದ್ರೆ ಮುಗೀತು.

ಇನ್ನು ಲಾಂಡ್ರಿ ರೂಮು. ಇದು ಎಲ್ಲಾ ಹಡಗಿನಾಗೂ ಇರಲ್ಲ, ಬುಕ್ ಮಾಡೋಕ್ಮುಂಚೆ ಕೇಳ್ಕೊಳ್ರಿ. ಪ್ರಿನ್ಸೆಸ್, ಡಿಸ್ನಿ ಕಂಪನಿ ಹಡಗುಗಳಾಗೆ ಇರ್ತೈತೆ, ಕುನಾರ್ಡ್ ಹಡಗುಗಳಾಗೆ ರೊಕ್ಕಾನೂ ಇಲ್ಲ, ಸೋಪೂ ಅವ್ರೇ ಕೊಡ್ತಾರೆ, ರಾಯಲ್ ಕೆರಿಬಿಯನ್‌ನವ್ರಲ್ಲಿ ನಾವೇ ಒಕ್ಕೊಳ್ಳೋ ರೂಮು ಇರಲ್ಲ. ನಮ್ಮ ಹಡಗಿನಾಗೆ ಇತ್ತು. ಒಗ್ಯೋಕೆ ಬೇರೆ, ಒಣಗ್ಸೋಕೆ ಬೇರೆ, ಎರಡೂ ಸೇರಿದ್ರೆ ನಮ್ ರೊಕ್ಕದಾಗೆ ಒಂದು ಲೋಡಿಗೆ ಐನೂರರ ಹತ್ರ, ಹಡಗಿನ ರೇಟಿಗೆ ಅದು ಜಾಸ್ತಿ ಅಲ್ಲ. ಇಸ್ತ್ರಿ ಮಾಡೋ ಟೇಬಲ್ಲೂ ಅಲ್ಲೇ. ಡ್ರೈಯರ್‌ನಿಂದ ತೆಗ್ದ ಅರಿವೆ ಬಿಸಿಬಿಸಿ, ಪೂರ್ತಿ ಒಣಗಿದ್ವು, ಅದ್ರಾಗೆ ಎರಡು ಮಾತಿಲ್ಲ, ನನ್ನ ಜೀನ್ಸಿನ ಪೀಡೆ ಕಳೆದಿದ್ದೂ ಅಲ್ಲೇ.

ಆದ್ರೆ ಕಾಯೋದೈತಲ್ಲ ಅದಕ್ಕೆ ನಂಗೆ ತಾಳ್ಮೆ ಇಲ್ಲ. ಇಡೀ ಮಹಡಿಗೆ ನಾಕೋ ಐದೋ ಮಷಿನ್ನು, ಹಡಗು ಎಲ್ಲೂ ನಿಲ್ದೆ ಸಮುದ್ರದಾಗೇ ಹೋಗೋ ದಿನ ಎಲ್ರೂ ಅಲ್ಲೇ. ಮಷಿನ್ ಮುಗಿಯೋ ಹೊತ್ತಿಗೆ ನೀವು ಅಲ್ಲಿ ನಿಂತಿರ್ಲಿಲ್ಲ ಅಂದ್ರೆ ಹಿಂದಿನವ್ರು ನಿಮ್ಮ ಹಸಿ ಅರಿವೆ ತೆಗ್ದು ಮಷಿನ್ ಮೇಲೆ ಗುಡ್ಡೆ ಹಾಕಿರ್ತಾರೆ. ನಮ್ಮಾಕೆ ಚಾ ತರೋಕೆ ಹೋಗಿ ಬರೋದ್ರಾಗೆ ಯಾರೋ ಪುಣ್ಯಾತ್ಮ ನಮ್ಮ ಒಳ ಅರಿವೆ ಸಮೇತ ಎಲ್ಲಾ ಎತ್ತಿ ಇಟ್ಟಿದ್ದ, ಆಯಮ್ಮ ಮಾತಾಡ್ದೆ ಎಲ್ಲಾನೂ ರೂಮಿಗೆ ತಂದು ಸಿಂಕ್‌ನಾಗೆ ಮತ್ತೊಂದು ಸಲ ಒಗ್ದ್ಲು. ಹೋಗ್ಲೇಬೇಕು ಅಂದ್ರೆ ಜನ ಎಲ್ಲಾ ಊರು ನೋಡೋಕೆ ಇಳಿದ ಮೇಲೆ ಹೋಗ್ರಿ, ಇಲ್ಲಾ ರಾತ್ರಿ ಊಟದ ಹೊತ್ತಿಗೆ.

ಚೀಲದ ಸರ್ವೀಸು ನೋಡೋಕೆ ರಾಜ ಮರ್ಯಾದೆ. ಕಪಾಟಿನಾಗೆ ಚೀಲ ಇರ್ತೈತೆ, ಒಂದೊಂದಕ್ಕೆ ರೇಟ್ ಬರ್ದ ಚೀಟಿ ಇರ್ತೈತೆ, ಟಿಕ್ ಮಾಡಿ ಬಿಟ್ರೆ ರೂಮ್ ಹುಡುಗ ಒಯ್ತಾನೆ. ಒಂದು ಶರ್ಟಿಗೆ ಹಾಕಿದ್ದ ರೇಟ್ ನೋಡಿ ನಾನು ಚೀಟಿ ಮಡಿಚಿಟ್ಟೆ, ಆ ರೊಕ್ಕಕ್ಕೆ ನಮ್ಮೂರಾಗೆ ವಾರದ ಇಸ್ತ್ರಿ ಮುಗೀತೈತೆ. ಪ್ರಯಾಣದ ನಡುವೆ ಒಂದು ದಿನ ಮಂಚದ ಮೇಲೆ ಆಫರ್ ಚೀಟಿ ಬಂತು, ಚೀಲ ತುಂಬಾ ಎಷ್ಟಾದ್ರೂ ತುರುಕ್ರಿ ಒಂದೇ ರೇಟು ಅಂತ. ಕೆಳಗೆ ಸಣ್ಣ ಅಕ್ಷರದಾಗೆ, ಟೀ ಶರ್ಟು, ಸಾಕ್ಸು, ಚಡ್ಡಿ ಬನೀನು, ರಾತ್ರಿ ಹಾಕ್ಕೊಳ್ಳೋ ಅರಿವೆ ಮಾತ್ರ. ಅಂದ್ರೆ ಸಿಂಕ್‌ನಾಗೆ ಆರಾಮಾಗಿ ಒಗ್ಯೋ ಅರಿವೆಗೆ ಆಫರ್ರು, ಒಗ್ಯೋಕೆ ಆಗ್ದ ಪ್ಯಾಂಟಿಗೆ ಫುಲ್ ರೇಟು.

ಆದ್ರೂ ಕೊಟ್ವಿ. ವಾಪಸ್ ಬಂದಿದ್ದು ಚಂದ ಮಡಿಚಿ, ನಂಬರ್ ಚೀಟಿ ಹಚ್ಚಿ, ಒಂದೂ ಕಳೀಲಿಲ್ಲ, ಮಡಿಚಿದ್ದು ನೋಡಿ ನಮ್ಮ ಹುಡುಗ್ರಿಗೆ ತೋರ್ಸೋಣ ಅಂತ ಫೋಟೋ ಹೊಡ್ಕೊಂಡೆ. ಆದ್ರೆ ನಮ್ಮಾಕೆಯ ಕಾಟನ್ ನೈಟಿ ಪಾದದ ಮೇಲೆ ಇದ್ದಿದ್ದು ಮೊಣಕಾಲ ಕಡೆ ಹೊರಟಿತ್ತು. ಎಲ್ಲಾನೂ ಒಟ್ಟಿಗೆ ಬಿಸಿನೀರಾಗೆ ಒಗ್ದು ದೊಡ್ಡ ಡ್ರೈಯರ್‌ನಾಗೆ ಕಾಯ್ಸಿದ್ರೆ ಕಾಟನ್ ಕುಗ್ದೆ ಏನು ಮಾಡ್ತೈತೆ. ನಮ್ಮ ಕಟಿಂಗ್ ಮಾಸ್ಟರ್ ಜೀನ್ಸ್ ಕತ್ತರಿಸೋವಾಗ್ಲೇ ವಾಷಿಂಗ್ ಆದ್ಮೇಲೆ ಎಷ್ಟು ಕುಗ್ತೈತೆ ಅಂತ ಲೆಕ್ಕ ಹಿಡ್ದು ಬಟ್ಟೆ ಜಾಸ್ತಿ ಬಿಡ್ತಾನೆ, ನೈಟಿಗೆ ಯಾರು ಬಿಟ್ಟಿರ್ತಾರೆ. ಒಂದೇ ಕಂಪನಿ ಹಡಗಿಗೆ ಪದೇ ಪದೇ ಹೋಗೋರಿಗೆ ಕೆಲವು ಕಡೆ ಈ ಸರ್ವೀಸು ಫ್ರೀ ಕೊಡ್ತಾರೆ, ಅಂಥೋರು ಬೇಕಾದ್ರೆ ದಿನಾ ಕೊಡ್ಲಿ.

ದಡದ ಅಂಗಡಿ ಬಗ್ಗೆ ಜಾಸ್ತಿ ಇಲ್ಲ. ಊರು ನೋಡಿ ನಿರ್ಧಾರ ಮಾಡ್ರಿ. ರೋಮ್ ನೋಡೋ ದಿನ ಹಡಗು ನಿಲ್ಲೋದು ಚಿವಿತಾವೆಕ್ಕಿಯಾದಾಗೆ, ಅಲ್ಲಿಂದ ರೋಮಿಗೆ ರೈಲಿನಾಗೆ ಸುಮಾರು ಒಂದು ತಾಸು, ಅವತ್ತು ಅರಿವೆ ಗಂಟು ಹೊತ್ಕೊಂಡು ಅಂಗಡಿ ಹುಡುಕೋನು ರೋಮ್ ನೋಡ್ದಂಗೇ. ನೇಪಲ್ಸ್‌ನಾಗೆ ಹಂಗಲ್ಲ, ಹಡಗು ಊರ ನಡುವೆನೇ ನಿಲ್ತೈತೆ, ಒಂದು ಲಾಂಡ್ರಿಗೆ ಕೊಟ್ಟು ಓಣಿ ಓಣಿ ತಿರುಗಿ ಬಂದ್ವಿ. ಅಲ್ಲಿ ಎದುರುಬದುರು ಮನೆಗಳ ನಡುವೆ ಮೂರ್ನಾಲ್ಕು ಮಹಡಿ ಎತ್ತರದಾಗೆ ಹಗ್ಗ ಕಟ್ಟಿ, ಹಾಸಿಗೆ ಚಾದರದಿಂದ ಚಡ್ಡಿ ತನಕ ನೇತು ಹಾಕಿರ್ತಾರೆ. ನಮ್ಮಾಕೆ ತಲೆ ಎತ್ತಿ ನೋಡಿ, "ನೋಡ್ರಿ, ಇವ್ರಿಗೆ ಬಿಸ್ಲಿನ ಬೆಲೆ ಗೊತ್ತೈತೆ" ಅಂದ್ಲು. ರೇಟು ಹಡಗಿಗಿಂತ ಕಮ್ಮಿ, ಕೆಲ್ಸ ಚಲೋ. ಆದ್ರೆ ಗಡಿಯಾರ ನೋಡ್ತಾನೇ ಇರ್ಬೇಕು, ಹಡಗು ನಿಮ್ಮ ಅರಿವೆ ಒಣಗೋ ತನಕ ಕಾಯಲ್ಲ.

ಹಂಗಾಗಿ ನನ್ನ ಪ್ರಕಾರ ಗಂಡ ಹೆಂಡ್ತಿ ಇಬ್ರೇ ಹೋಗೋದಾದ್ರೆ, ರಾತ್ರಿ ಅರ್ಧ ತಾಸು ಕೈ ಒದ್ದೆ ಮಾಡ್ಕೊಳ್ಳೋಕೆ ಬೇಜಾರಿಲ್ಲ ಅಂದ್ರೆ ಸಿಂಕು, ಜೊತೆಗೆ ಪ್ಯಾಂಟಿಗೋಸ್ಕರ ಒಂದು ಸಲ ಲಾಂಡ್ರಿ ರೂಮು. ಸಣ್ಣ ಮಕ್ಕಳಿದ್ರೆ ಸಿಂಕ್ ಸಾಲಲ್ಲ, ಲಾಂಡ್ರಿ ರೂಮಿರೋ ಹಡಗನ್ನೇ ಹುಡುಕ್ರಿ. ರೊಕ್ಕದ ಚಿಂತೆ ಇಲ್ದೋರು ಚೀಲಕ್ಕೆ ಹಾಕ್ಲಿ, ಕಾಟನ್ ಮಾತ್ರ ಹಾಕ್ಬ್ಯಾಡ್ರಿ. ಜೀನ್ಸ್ ಒಯ್ಯೋದಾದ್ರೆ ಒಂದೇ, ಅದನ್ನೂ ವಿಮಾನದಾಗೆ ಹಾಕ್ಕೊಳ್ರಿ, ಧಂದೆಯವ್ನೇ ಹೇಳ್ತಾ ಇದೀನಿ.

ಮತ್ತೊಂದು ಮರೆತಿದ್ದೆ. ಇಳಿಯೋ ಹಿಂದಿನ ರಾತ್ರಿ ಏನೂ ಒಗೀಬ್ಯಾಡ್ರಿ. ದೊಡ್ಡ ಸೂಟ್‌ಕೇಸ್ ಎಲ್ಲಾ ಅವತ್ತು ರಾತ್ರೀನೇ ಕ್ಯಾಬಿನ್ ಬಾಗಿಲ ಹೊರಗೆ ಇಡ್ಬೇಕು, ಅವ್ರೇ ಇಳಿಸ್ತಾರೆ, ಬೆಳಿಗ್ಗೆ ದಡದಾಗೆ ಕೈಗೆ ಸಿಗ್ತೈತೆ. ಅವತ್ತು ಒಗ್ದಿದ್ದೆಲ್ಲಾ ಪ್ಲಾಸ್ಟಿಕ್ ಚೀಲದಾಗೆ ಸುತ್ತಿ ಕೈಯಾಗೆ ಹಿಡ್ಕೊಂಡು ಏರ್‌ಪೋರ್ಟ್ ತನಕ ಹೋಗ್ಬೇಕಾಗ್ತೈತೆ.